ಹುಚ್ಚೆಳ್ಳಿನ ಇಲಿ

"ಅಕ್ಕಾವ್ರೇ, ಸ್ವಲ್ಪ ಟಾರ್ಚು ಈ ಕಡೆ ಹಿಡೀರಿ," ಎಂದು ಕಪಾಟಿನ ಹಿಂದಿನಿಂದ ದನಿ ಬಂತು. ದನಿಯ ಒಡೆಯನ ಎರಡು ಕಾಲುಗಳಷ್ಟೇ ಹೊರಗೆ ಕಾಣುತ್ತಿದ್ದವು. ಒಂದು ಕಾಲುಚೀಲದಲ್ಲಿ ಹೆಬ್ಬೆರಳಿನ ಅಳತೆಯ ತೂತು.

ಊರಿಗೆಲ್ಲ ಪುಸ್ತಕ ಕಟ್ಟಿಕೊಡುವ ಬೈಂಡಿಂಗ್ ಅಕ್ಕ ಬಗ್ಗಿ ಟಾರ್ಚು ಹಿಡಿದಳು. ನೆಲದಿಂದ ಭುಜದೆತ್ತರದವರೆಗೆ ಗೋಡೆಯ ಮೇಲೆ ಬೆರಳು ದಪ್ಪದ ಗೆದ್ದಲಿನ ಮಣ್ಣಿನ ಗೆರೆ ಹತ್ತಿತ್ತು. ನಿನ್ನೆ ವರ್ಷದ ಮೊದಲ ಮಳೆ ಬಿದ್ದಿತ್ತು. ಇವತ್ತು ಬೆಳಿಗ್ಗೆ ಕಪಾಟು ಸರಿಸಿದಾಗ ಇದು ಕಂಡು, ಕೂಡಲೇ ಔಷಧಿಯವನಿಗೆ ಫೋನು ಮಾಡಿದ್ದಳು. ಒಳಗಿದ್ದವು ಗ್ರಂಥಾಲಯದವರು ಕೊಟ್ಟ ಇನ್ನೂರೈವತ್ತು ಪುಸ್ತಕ, ಎರಡು ತಿಂಗಳು ಕೂತು ಹೊಲಿದು, ರಟ್ಟು ಹಾಕಿ ಮುಗಿಸಿದ್ದು.

"ಹಿಂದಿನ ಹಲಗೆ ಪೂರ್ತಿ ತಿಂದಿವೆ. ಪುಸ್ತಕಕ್ಕೆ ಮಾತ್ರ ಬಾಯಿ ಹಾಕಿಲ್ಲ. ವಿಚಿತ್ರ!"

"ವಿಚಿತ್ರ ಏನ್ ಬಂತು? ನಾನು ಅಂಟು ಕಾಯಿಸುವಾಗ ಮೈಲುತುತ್ತದ ನೀಲಿ ಪುಡಿ ಹಾಕ್ತೀನಿ. ನಮ್ಮಪ್ಪನ ಕಾಲದಿಂದ ಈ ಮನೇಲಿ ಕಟ್ಟಿದ ಪುಸ್ತಕ ಹುಳ ಮುಟ್ಟಿಲ್ಲ."

ಕಪಾಟಿನ ಹಿಂದಿನಿಂದ ಮೈತುಂಬ ಜೇಡರ ಬಲೆ ಹೊತ್ತುಕೊಂಡು ಅವನು ಹೊರಬಂದ. ಐವತ್ತರ ಆಸುಪಾಸಿನ, ಬಡಕಲು ಮೈಯ, ದೊಡ್ಡ ಮೀಸೆಯ ಮನುಷ್ಯ. ಮನೆಮನೆಗೆ ಹೋಗಿ ಕೀಟಗಳಿಗೆ ಔಷಧಿ ಹೊಡೆಯುವುದು ಅವನ ಕಸುಬು. ಬೀದಿಯ ಮಕ್ಕಳು ಅವನನ್ನು ಜಿರಲೆ ಮಾಮ ಎನ್ನುತ್ತಿದ್ದವು. ಗೋಡೆಯುದ್ದಕ್ಕೂ ತೂತು ಕೊರೆದು ಔಷಧಿ ಇಳಿಸುತ್ತ ಅವನು ಹೇಳಿದ: "ಔಷಧಿಗಿಂತ ಮುಖ್ಯ ಇನ್ನೊಂದಿದೆ. ಹೊರಗಡೆ ನಲ್ಲಿ ಪೈಪು ಸೋರ್ತಿದೆ, ಅದನ್ನ ಸರಿ ಮಾಡ್ಸಿ. ಗೆದ್ದಲಿಗೆ ಕರೆಯೋಲೆ ಕಳ್ಸೋದೇ ಒದ್ದೆ ಗೋಡೆ. ಕಪಾಟು ಗೋಡೆಯಿಂದ ಒಂದು ಗೇಣು ದೂರ ಇರ್ಲಿ, ಕಾಲ ಕೆಳಗೆ ಇಟ್ಟಿಗೆ ಇಡಿ."

"ಎಲ್ಲರಿಗೂ ಹೀಗೆ ಉಪಾಯ ಹೇಳಿಕೊಟ್ರೆ ನಿಮ್ಮನ್ನ ಯಾರು ಕರೀತಾರೆ?"

"ಕರೀದಿದ್ರೆ ಮನೇಲಿ ನೊಣ ಹೊಡೀತಾ ಕೂತ್ಕೋತೀನಿ."

"ನಿಮ್ಮ ಕಸುಬೇ ಅದಲ್ವಾ!"

ಅವನಿಗೆ ಮಾತು ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಅವನು ನಕ್ಕ ನಗೆಗೆ ಕಿಟಕಿಯ ಹತ್ತಿರ ಕೂತಿದ್ದ ಅಕ್ಕನ ತಾಯಿ ಕತ್ತು ತಿರುಗಿಸಿದಳು. ಎಪ್ಪತ್ತೆಂಟರ ಆ ಮುದುಕಿಗೆ ಕಿವಿ ಮಂದ, ಅಂದರೆ ತನಗೆ ಬೇಡದ ಮಾತಿಗೆ ಮಂದ. ಕಿಟಕಿಯಂಚಿನ ಗುಬ್ಬಿಗಳಿಗೆ ಹುಚ್ಚೆಳ್ಳು ಹಾಕುತ್ತ ಕೂರುವುದು ಅವಳ ದಿನಚರಿ. ಮಗಳು ಹೀಗೆ ಗಂಡಸೊಬ್ಬನ ಹತ್ತಿರ ಚೇಷ್ಟೆ ಮಾಡಿದ್ದನ್ನು ಅವಳು ಎಷ್ಟೋ ವರ್ಷದಿಂದ ಕೇಳಿರಲಿಲ್ಲ.

ಮೂರು ವಾರ ಬಿಟ್ಟು ಅವನು ತೂತುಗಳನ್ನು ನೋಡಲು ಬಂದ. ಇನ್ನೆರಡು ವಾರಕ್ಕೆ, "ಈ ದಾರೀಲಿ ಹೋಗ್ತಿದ್ದೆ" ಎಂದು ಬಂದ. ಮಳೆ ಹಿಡಿದು ಹೊರಗೆ ಹೋಗಲಾಗದ ದಿನ ಒಲೆಯ ಪಕ್ಕ ಕೂತು ಅಂಟು ಕಾಯಿಸುವುದನ್ನು ಶಾಲೆಯ ಹುಡುಗನ ಹಾಗೆ ನೋಡಿದ. ಹಿಟ್ಟು ಗಂಟಾಗದಂತೆ ಕದಡುವುದು, ಸಣ್ಣ ಉರಿ, ಕೊನೆಯಲ್ಲಿ ನೀಲಿ ಪುಡಿಯ ಒಂದು ಚಿಟಿಕೆ. ಅವನು ಅವಳಿಗೆ ಪುಸ್ತಕದ ಬೆಳ್ಳಿಹುಳ ತೇವಕ್ಕೆ ಹುಟ್ಟುವ ಬಗೆ ಹೇಳಿದ, ಮಳೆ ಬಿಟ್ಟ ದಿನವೆಲ್ಲ ಕಪಾಟಿನ ಬಾಗಿಲು ತೆರೆದಿಡಲು ಹೇಳಿದ, ಹಿತ್ತಲಲ್ಲಿ ನೀರು ನಿಂತ ಹಳೇ ಡಬ್ಬಗಳನ್ನೆಲ್ಲ ತಾನೇ ಬೋರಲು ಹಾಕಿ ಸೊಳ್ಳೆಗಳ ಸಂಸಾರ ಮುರಿದ. ಹೆಂಡತಿ ತೀರಿಕೊಂಡು ಆರು ವರ್ಷವಾಯಿತು ಎನ್ನುವುದನ್ನು ಜಿರಲೆಯ ವಿಷಯ ಹೇಳುತ್ತ ನಡುವೆ ಹೇಳಿದ. ಅವಳು ತನ್ನ ವಿಷಯ ಹೇಳಲಿಲ್ಲ. ಹೇಳುವುದೇನಿತ್ತು? ಅಪ್ಪ ಹೋದಾಗ ಅಂಗಡಿಗೆ ಕೂತಳು. ನೋಡಲು ಬಂದವರು ಬಂದು ಹೋದರು. ಊರಿನ ಪುಸ್ತಕಗಳ ಬೆನ್ನು ನೆಟ್ಟಗೆ ಮಾಡುವುದರಲ್ಲಿ ನಲವತ್ತಾರು ತುಂಬಿತು.

ಚಳಿ ಶುರುವಾದಾಗ ಅಡುಗೆಮನೆಗೆ ಇಲಿ ಬಂತು. ಕಂಡದ್ದು ತಾಯಿಗೆ.

"ಇಷ್ಟುದ್ದ ಇತ್ತು ಕಣೇ," ಎಂದು ಮೊಣಕೈವರೆಗೆ ಅಳತೆ ತೋರಿಸಿದಳು. "ನಾನೇ ಫೋನು ಮಾಡಿದೀನಿ, ಬರ್ತಾನೆ."

ಅವನು ಬಂದ. ಹಿಟ್ಟಿನ ಡಬ್ಬದ ಹಿಂದೆ ಬಿದ್ದಿದ್ದ ಕಪ್ಪು ಹಿಕ್ಕೆಗಳ ಮುಂದೆ ಮೊಣಕಾಲೂರಿದ. ಒಂದನ್ನು ಎತ್ತಿ ಉಗುರಲ್ಲಿ ಒತ್ತಿದ, ಮೂಸಿದ, ಬಹಳ ಹೊತ್ತು ಯೋಚಿಸಿದ. "ಹೂಂ. ಇಲಿ ಜಾಣ ಇದೆ," ಎಂದು ಬೋನು ಇಟ್ಟು ಹೋದ.

ಬೋನಿಗೆ ಇಲಿ ಬೀಳಲಿಲ್ಲ. ಎರಡು ದಿನಕ್ಕೆ ಬೋನಿನ ಜಾಗ ಬದಲಾಯಿಸಲು ಬಂದ. ಆಮೇಲೆ ಒಳಗಿಡುವ ತಿಂಡಿ ಬದಲಾಯಿಸಲು ಬಂದ. ಬಾಗಿಲ ಸಂದಿಗೆ ತಗಡು ಹೊಡೆಯಲು ಒಂದು ದಿನ ಬೇಕಾಯಿತು. ತಿಂಗಳಲ್ಲಿ ಆರು ಸಲ ಬಂದರೂ ಹಿಕ್ಕೆ ಬೀಳುವುದು ನಿಲ್ಲಲಿಲ್ಲ. ಅವನು ಬರುವ ದಿನ ತಾನು ಹಳೇ ಸ್ವೆಟರು ಬಿಟ್ಟು ಹಸಿರು ಸ್ವೆಟರು ಹಾಕುತ್ತಿರುವುದು ಅಕ್ಕನ ಗಮನಕ್ಕೇ ಬಂದಿರಲಿಲ್ಲ.

ಒಂದು ಬೆಳಿಗ್ಗೆ ಗ್ರಂಥಾಲಯಕ್ಕೆ ಹೊರಟವಳು ಕನ್ನಡಕ ಮರೆತು ಅರ್ಧ ದಾರಿಯಿಂದ ಹಿಂತಿರುಗಿದಳು. ಅಡುಗೆಮನೆಯಲ್ಲಿ ತಾಯಿ ಸೊಂಟ ಬಗ್ಗಿಸಿ, ಗುಬ್ಬಿಯ ಚೀಲದಿಂದ ಚಿಟಿಕೆ ಚಿಟಿಕೆ ಕಪ್ಪು ಹುಚ್ಚೆಳ್ಳು ತೆಗೆದು ಡಬ್ಬದ ಹಿಂದೆ ಉದುರಿಸುತ್ತಿದ್ದಳು. ಗೋಡೆಯಂಚಿಗೆ ಸ್ವಲ್ಪ, ಮೂಲೆಗೆ ಸ್ವಲ್ಪ ಜಾಸ್ತಿ.

"ಅಮ್ಮಾ!"

ಮಂದ ಕಿವಿ ಈ ಸಲ ಥಟ್ಟನೆ ಕೇಳಿಸಿಕೊಂಡಿತು. "ಗುಬ್ಬಿಗೆ ಹಾಕ್ತಿದ್ದೆ."

"ಹಿಟ್ಟಿನ ಡಬ್ಬದ ಹಿಂದೆ ಗುಬ್ಬಿ ಬರುತ್ತಾ?"

ತಾಯಿ ಚೀಲದ ಬಾಯಿ ಕಟ್ಟಿ ಸ್ಟೂಲಿನ ಮೇಲೆ ಕೂತಳು. "ನೀನು ಮಾನ ಹೋಯ್ತು ಅಂತ ಕೂಗಾಡು, ಆಮೇಲೆ ಒಂದು ಮಾತು ಕೇಳು. ಅವನು ನಿನ್ನ ಅಕ್ಕಾವ್ರೇ ಅನ್ನೋದು ಬಿಟ್ಟು ಎಷ್ಟು ದಿನ ಆಯ್ತು?"

ಮಗಳು ಕೂಗಾಡುವುದು ಬಿಟ್ಟು ಎಣಿಸಿ ನೋಡಿದಳು. ಹೌದಲ್ಲ. ಊರಿಗೆಲ್ಲ ಅವಳು ಅಕ್ಕ. ಅವನು ಮಾತ್ರ ಈಗೀಗ "ಏನ್ರೀ" ಅನ್ನುತ್ತಾನೆ, "ನೋಡ್ರೀ" ಅನ್ನುತ್ತಾನೆ.

"ನಾನಿರೋವರೆಗೆ ನಿಂಗೆ ನಾನಿದೀನಿ. ಆಮೇಲೆ ಈ ಪುಸ್ತಕಗಳು ಊಟ ಆಯ್ತಾ ಅಂತ ಕೇಳ್ತವಾ?" ತಾಯಿಯ ದನಿ ಮೆತ್ತಗಾಗಿತ್ತು.

ಅವಳು ಚಪ್ಪಲಿ ಮೆಟ್ಟಿದಳು. ಇವತ್ತೇ ಹೋಗಿ ಕ್ಷಮೆ ಕೇಳಿ, ಇನ್ನು ಬರಬೇಡಿ ಎಂದು ಹೇಳಿಬಿಡಬೇಕು. ಕೆಲಸವಿರುವ ಮನುಷ್ಯನನ್ನು ಇಲ್ಲದ ಇಲಿಗಾಗಿ ಓಡಾಡಿಸುವುದೆಂದರೇನು! ನಾಲ್ಕು ಬೀದಿಯಾಚೆ ಅವನ ಮನೆ. ದಾರಿಯುದ್ದಕ್ಕೂ ಮಾತನ್ನು ಜೋಡಿಸಿಕೊಂಡಳು.

ಬಾಗಿಲು ತೆರೆದಿತ್ತು. ಒಳಗೆ ಕಾಲಿಡುವಷ್ಟರಲ್ಲಿ, ಬೂದು ಬಣ್ಣದ, ಮೀಸೆಯಿರುವ, ನಿಜವಾದ ಇಲಿಯೊಂದು ಅವಳ ಪಾದದ ಮೇಲೇ ಹಾದು ಮಂಚದ ಕೆಳಗೆ ನುಗ್ಗಿತು. ಅವಳು ಕಿಟ್ಟನೆ ಕಿರುಚಿ ಕುರ್ಚಿ ಹತ್ತಿದಳು. ಕೈಯಲ್ಲಿ ಪೊರಕೆ ಹಿಡಿದು ಒಳಗಿನಿಂದ ಓಡಿಬಂದವನು ಅವಳನ್ನು ನೋಡಿ ಕಲ್ಲಾದ.

ಕುರ್ಚಿಯ ಮೇಲಿನಿಂದ ಅವಳಿಗೆ ಮನೆಯೆಲ್ಲ ಕಂಡಿತು. ಮೂಲೆಯಲ್ಲಿ ರದ್ದಿಯ ರಾಶಿ. ಸಿಂಕಿನ ಕೆಳಗೆ ಪೈಪಿನ ಸುತ್ತ ಮುಷ್ಟಿ ಹೋಗುವ ಬಿಲ. ಮುಚ್ಚಳವಿಲ್ಲದ ಅಕ್ಕಿ ಡಬ್ಬ. ಗೋಡೆಯ ಮೇಲೆ ನೆಮ್ಮದಿಯಿಂದ ನಡೆದು ಹೋಗುವ ಎರಡು ಜಿರಲೆ.

"ದೀಪದ ಬುಡದಲ್ಲಿ ಕತ್ತಲೆ," ಎಂದು ಅವನು ನೆಲ ನೋಡಿಕೊಂಡು ಹೇಳಿದ. "ಊರಿನ ಮನೆಗಳನ್ನೆಲ್ಲ ಚೊಕ್ಕ ಮಾಡಿ ಬರೋಷ್ಟರಲ್ಲಿ... ಒಬ್ನೇ ಇರೋ ಮನೆ, ಯಾರಿಗೆ ಅಂತ ಮಾಡ್ಲಿ ಅನ್ಸುತ್ತೆ."

ಅವಳಿಗೆ ನಗು ಎಲ್ಲಿಂದ ಬಂತೋ. ತಡೆಯಲು ಹೋದಷ್ಟೂ ಹೆಚ್ಚಾಯಿತು, ಕುರ್ಚಿಯೂ ಅಲುಗಾಡಿತು. ಅವನು ಗಾಬರಿಯಿಂದ ಕುರ್ಚಿ ಹಿಡಿದುಕೊಂಡ. ಕಣ್ಣೊರೆಸಿಕೊಂಡು ಕೆಳಗಿಳಿದವಳು ತೋಳೇರಿಸಿದಳು. "ಪಾತ್ರೆ ತಿಕ್ಕೋ ಸ್ಟೀಲ್ ನಾರು ಇದೆಯಾ? ಸಿಮೆಂಟು? ಮೊದಲು ಆ ಬಿಲ ಮುಚ್ಚೋಣ."

"ಇಲಿ ಒಳಗೇ ಇದೆಯಲ್ರೀ. ಮೊದ್ಲು ಅದನ್ನ ಓಡಿಸ್ಬೇಕು," ಎಂದ, ಕಸುಬಿನ ಮನುಷ್ಯ ಎಚ್ಚೆತ್ತು.

ಮಧ್ಯಾಹ್ನದವರೆಗೆ ಇಬ್ಬರೂ ಮಂಚ ಎತ್ತಿದರು, ರದ್ದಿ ಕಟ್ಟಿದರು, ಇಲಿಯನ್ನು ಹಿತ್ತಲಿಗೆ ಅಟ್ಟಿದರು. ಅವಳು ಬಿಲಕ್ಕೆ ನಾರು ತುರುಕುತ್ತಿದ್ದಳು, ಅವನು ಸಿಮೆಂಟು ಕಲಸಿ ಕೊಡುತ್ತಿದ್ದ. ಮುಖ ನೋಡದೆ ಹೇಳುವುದೇ ವಾಸಿ ಎನಿಸಿ ಅವಳು ಸಿಂಕಿನ ಕೆಳಗಿನಿಂದಲೇ ಹೇಳಿದಳು: "ನಮ್ಮನೇಲಿ ಇಲಿ ಇಲ್ಲ. ಅದು ಹಿಕ್ಕೆ ಅಲ್ಲ. ನಮ್ಮಮ್ಮ..."

"ಹುಚ್ಚೆಳ್ಳು," ಎಂದ ಅವನು.

ಅವಳು ತಲೆ ಹೊರಗೆ ತಂದಳು. "ಗೊತ್ತಿತ್ತಾ?"

"ಇಪ್ಪತ್ತೈದು ವರ್ಷದಿಂದ ಹಿಕ್ಕೆ ನೋಡ್ತಾ ಇದೀನಿ. ಮೊದಲನೇ ದಿನವೇ ಗೊತ್ತಾಯ್ತು."

"ಮತ್ತೆ ಆರು ಸಲ ಯಾಕೆ ಬಂದ್ರಿ?"

ಅವನು ಕಲಸಿದ್ದ ಸಿಮೆಂಟನ್ನೇ ಮತ್ತೆ ಮತ್ತೆ ಕಲಸಿದ. "ಇಲಿ ಇಲ್ಲ ಅಂತ ಹೇಳಿಬಿಟ್ಟಿದ್ರೆ ಎರಡನೇ ಸಲ ಬರೋಕೆ ನೆಪ ಎಲ್ಲಿಂದ ತರ್ಲಿ?"

ಅವಳ ಕೆನ್ನೆಯ ಮೇಲೆ ಸಿಮೆಂಟಿನ ಗೆರೆಯಿತ್ತು. ಅದರ ಕೆಳಗಿನಿಂದ ಕೆಂಪು ಏರಿತು. "ನೆಪ ಬೇಡ," ಎಂದಳು. "ಸುಮ್ನೆ ಬನ್ನಿ."

ತಾಯಿಗೆ ಸುದ್ದಿ ಹೇಳುವ ಕಷ್ಟವೇನೂ ಬರಲಿಲ್ಲ. ಕೂದಲೆಲ್ಲ ಸಿಮೆಂಟು ಮಾಡಿಕೊಂಡು ಬಂದ ಮಗಳನ್ನು ಕಂಡು ಅವಳೇ ಹೇಳಿದಳು: "ಜನ ಬೆಟ್ಟ ಅಗೆದು ಇಲಿ ಹಿಡೀತಾರೆ. ನಾನು ಇಲಿನೂ ಇಲ್ದೆ ಅಳಿಯನ್ನ ಹಿಡಿದೆ."

ಬೇಸಿಗೆಯ ಬಿಸಿಲು ಬಲಿಯುವ ಹೊತ್ತಿಗೆ ಇಬ್ಬರೂ ನೋಂದಣಿ ಕಚೇರಿಯಲ್ಲಿ ಮದುವೆಯ ರುಜು ಹಾಕಿ ಬಂದರು. ಅವನ ಸಾಮಾನು ಕೈಗಾಡಿಯಲ್ಲಿ ಬಂದಾಗ ಅವಳು ಬಾಗಿಲಿಗೆ ಅಡ್ಡ ನಿಂತಳು.

"ಒಂದು ದಿನ ಪೂರ್ತಿ ಬಿಸಿಲು ಕಾಣದೆ ಏನೂ ಒಳಗೆ ಬರೋ ಹಾಗಿಲ್ಲ. ತಿಗಣೆ ಇದ್ರೆ?"

"ನನ್ನ ಹಾಸಿಗೇಲಿ ತಿಗಣೆನಾ?"

"ನಿಮ್ಮ ಮನೆ ನಾನು ನೋಡಿದೀನಿ."

ಅವನು ಮಂಚದ ಪಟ್ಟಿಗಳನ್ನು ಬಿಚ್ಚಿದ. ಅವಳು ಅಂಗಿಗಳನ್ನು ಒಂದೊಂದಾಗಿ ಕೊಡವಿ ಹಗ್ಗಕ್ಕೆ ಹಾಕಿದಳು, ಹಾಸಿಗೆಯ ಹೊಲಿಗೆಯ ಸಾಲುಗಳಲ್ಲಿ ಬೆರಳಾಡಿಸಿ ನೋಡಿದಳು. ಒಳಗಿನ ಹಾಸಿಗೆಗೂ ಬಿಸಿಲು ಬೇಕು ಎಂದು ತನ್ನದನ್ನೂ ಹೊತ್ತು ತಂದಳು. ತಾಯಿ ನೆರಳಿನಲ್ಲಿ ಕೋಲು ಹಿಡಿದು ಕಾವಲು ಕೂತು ನಿದ್ದೆ ಹೋದಳು. ಅಂಗಳದ ಕಟ್ಟೆಯ ಮೇಲೆ ಒಂದಕ್ಕೊಂದು ಒತ್ತಿ ಇಟ್ಟಿದ್ದ ಎರಡು ದಿಂಬುಗಳು, ಒಂದು ಹಳದಿ, ಇನ್ನೊಂದು ಮಾಸಿದ ನೀಲಿ, ಸಂಜೆಯವರೆಗೆ ಬಿಸಿಲು ಕುಡಿದು ನಿಧಾನವಾಗಿ ಉಬ್ಬುತ್ತಿದ್ದವು.