ಉಗ್ರಾಣದಲ್ಲೊಂದು ಕೊಕ್ಕು

"ಯಾರಪ್ಪಾ ಅದು ಒಳಗೆ?" ಎಂದು ರೇಣುಕಯ್ಯನವರು ಯಾರನ್ನೂ ನೋಡದೆ ಕೇಳಿದರು. ಹಣೆಗೆ ಎಳೆಯುತ್ತಿದ್ದ ವಿಭೂತಿ ಅರ್ಧಕ್ಕೇ ನಿಂತಿತ್ತು. ದೇವರ ಮನೆಯಲ್ಲಿ ಇದ್ದದ್ದು ಅವರೊಬ್ಬರೇ. ಆದರೂ ಉತ್ತರ ಬಂತು: "ಕೀಚ್."

ಸದ್ದು ಪಕ್ಕದ ಉಗ್ರಾಣದ್ದು. ಹಬ್ಬಕ್ಕೊಮ್ಮೆ ಬಾಗಿಲು ತೆಗೆಯುವ ಆ ಕೋಣೆಯ ಮೂಲೆಯಲ್ಲಿ, ಹಳೇ ಬಿದಿರಿನ ಮಂಕರಿಯೊಳಗೆ, ದಾಸಮ್ಮನ ಬೋಳುಗತ್ತಿನ ಕೋಳಿ ಕಾವಿಗೆ ಕೂತಿತ್ತು. ಮುರುಕು ಕಿಟಕಿಯಲ್ಲಿ ಎಷ್ಟು ದಿನದಿಂದ ಬಂದು ಹೋಗಿ ಮಾಡುತ್ತಿತ್ತೋ ಶಿವನಿಗೇ ಗೊತ್ತು. ಕೊಳಾಲ ಊರಿನ ಆ ಮನೆಯ ಕೊಟ್ಟಿಗೆ ಬಾಚುತ್ತಾ ದಾಸಮ್ಮನ ತಲೆಯೇ ನರೆತಿತ್ತು. ಹಿತ್ತಿಲ ಹೊಸ್ತಿಲನ್ನು ಮಾತ್ರ ಅವಳು ಒಮ್ಮೆಯೂ ದಾಟಿರಲಿಲ್ಲ. ಕೋಳಿಗೆ ಆ ಪದ್ಧತಿಯನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

"ಶಿವಶಿವಾ!" ಎನ್ನುತ್ತ ರೇಣುಕಯ್ಯನವರು ಕೋಲು ಹಿಡಿದು ಕೋಳಿಯನ್ನು ಹಿತ್ತಿಲಿಗೆ ಅಟ್ಟಿದರು, ಹಿತ್ತಿಲ ಬಾಗಿಲಿಗೆ ಅಗುಳಿ ಹಾಕಿದರು, ಕಿಟಕಿಗೆ ಹಲಗೆ ಒರಗಿಸಿದರು. ತಿರುಗಿ ನೋಡಿದರೆ, ಇಲಿಗಳು ತಿಂದು ಉಳಿಸಿದ ಒಂದೇ ಮೊಟ್ಟೆ. ಅದಕ್ಕೊಂದು ತೂತು. ತೂತಿನಲ್ಲೊಂದು ಕೊಕ್ಕು.

ಮನೆಯವರೆಲ್ಲ ಉಗ್ರಾಣದ ಬಾಗಿಲಲ್ಲಿ ಸೇರಿದರು. ಮುಟ್ಟುವವರಿಲ್ಲ.

"ಸಿಪ್ಪೆ ಬಿಡಿಸಬೇಕಂತೆ," ಎಂದಳು ಸೊಸೆ ಶಿವರಂಜನಿ, ಮೊಬೈಲು ನೋಡುತ್ತ. ಮರುಗಳಿಗೆಗೆ, "ಅಯ್ಯೋ, ಬಿಡಿಸಬಾರದಂತೆ! ರಕ್ತ ಬಂದು ಸತ್ತೋಗುತ್ತಂತೆ. ಈ ವಿಡಿಯೋಗೇ ಲೈಕು ಜಾಸ್ತಿ ಐತೆ ಮಾವ."

"ಇಕ್ಕಳ ತರ್ಲಾ?" ಎಂದ ಮಗ ಮಲ್ಲೇಶ್.

"ಲೇ, ನೈವೇದ್ಯದ ಹಾಲು ಇಳಿಸೋ ಇಕ್ಕಳ ಕಣ್ಲಾ ಅದು!" ಎಂದು ರೇಣುಕಯ್ಯನವರು ಗದರಿದರು.

ಮರಿ ಸತ್ತರೆ ದೇವರ ಮನೆಯ ಪಕ್ಕದಲ್ಲೇ ಜೀವಹತ್ಯೆ. ಮುಟ್ಟಿದರೆ ಮೈಲಿಗೆ. ಅದೂ ಇವತ್ತು ಸಂಜೆ ಪಡಸಾಲೆಯಲ್ಲಿ ರೇಣುಕಯ್ಯನವರದೇ ಕಾವ್ಯವಾಚನ. ಊರಿನ ಶರಣರೆಲ್ಲ ಬರುವವರು. ಹಾಡಬೇಕಾದ ಪದ್ಯಗಳು ದಯೆಯ ಮೇಲಿನವು. ಅರ್ಚಕ ರುದ್ರಮುನಿಗೆ ಫೋನು ಹೋಯಿತು. ಸ್ಪೀಕರಿನಲ್ಲಿ ಅಪ್ಪಣೆ ಬಂತು: "ಒಳಗಿದ್ರೆ ಮೊಟ್ಟೆ, ಹೊರಗೆ ಬಂದ್ರೆ ಜೀವ. ನಡುವೆ ಸಿಕ್ಕಾಕ್ಕೊಂಡಿರೋದ್ರ ಬಗ್ಗೆ ಶಾಸ್ತ್ರ ಏನೂ ಹೇಳಿಲ್ಲ. ಪೂರ್ತಿ ಬಂದ್ಮೇಲೆ ಫೋನ್ ಮಾಡಿ."

ಕೀಚು ಸಣ್ಣಗಾಗುತ್ತಿತ್ತು.

"ದಯೆ ಮನಸ್ಸಲ್ಲಿದ್ರೆ ಸಾಕು, ಕೈಗೆ ಬರಬೇಕು ಅಂತೇನಿಲ್ಲ," ಎಂದು ರೇಣುಕಯ್ಯನವರು ಎಲ್ಲರಿಗೂ ಸಮಾಧಾನ ಹೇಳಿದರು. ಹಿತ್ತಿಲಲ್ಲಿ ಕೋಳಿ ಬಾಗಿಲಿಗೆ ಹಾರಿ ಹಾರಿ ಬಡಿದುಕೊಳ್ಳುತ್ತಿತ್ತು. "ಥೂ, ಈ ಗಲಾಟೇಲಿ ಯೋಚನೆ ಮಾಡೋದಾದ್ರೂ ಹೆಂಗೆ?"

ಅವರ ಹೆಂಡತಿ ಕಮಲಾಕ್ಷಮ್ಮ, ಇಷ್ಟೂ ವರ್ಷ ಕಂಬಕ್ಕೊರಗಿ ಗಂಡನ ವಾಚನ ಕೇಳಿದವರು, ಒಂದು ದಿನವೂ ಎದುರಾಡದವರು, ಎದ್ದು ಹೋಗಿ ಅಗುಳಿ ತೆಗೆದರು.

ಕೋಳಿ ಯಾರನ್ನೂ ಕೇಳಲಿಲ್ಲ. ದೇವರ ಮನೆ ಮುಂದಿನ ರಂಗೋಲಿ ತುಳಿದು, ಮಂಕರಿ ಹತ್ತಿ, ರೆಕ್ಕೆ ಹರಡಿ ಕೂತಿತು. ಏನು ಮಾಡಿತೋ, ಏನೂ ಮಾಡಲಿಲ್ಲವೋ. ಮಧ್ಯಾಹ್ನದ ಹೊತ್ತಿಗೆ ಅದರ ಅಡಿಯಿಂದ ಒದ್ದೆ ತಲೆಯೊಂದು ಇಣುಕಿತು.

"ನೋಡಿದ್ರಾ! ಎಲ್ಲ ಶಿವನ ಇಚ್ಛೆ," ಎಂದು ರೇಣುಕಯ್ಯನವರು ಹಿಗ್ಗಿದರು. ಸಂಜೆಗೆ ಒಳ್ಳೆಯ ದೃಷ್ಟಾಂತ ಸಿಕ್ಕಿತ್ತು. ಆದರೆ ದೃಷ್ಟಾಂತ ಮಂಕರಿ ಬಿಟ್ಟು ಏಳಲೊಲ್ಲದು. ಪೊರಕೆ ಚಾಚಿದ ಮಲ್ಲೇಶನ ಕೈಯನ್ನು ರಕ್ತ ಬರುವ ಹಾಗೆ ಕುಕ್ಕಿತು.

ದಾಸಮ್ಮನಿಗೆ ಹೇಳಿ ಕಳಿಸಿದರು. ಅವಳು ಬಂದು ಹಿತ್ತಿಲಲ್ಲಿ ಯಾವಾಗಲೂ ನಿಲ್ಲುವ ಕಲ್ಲಿನ ಹತ್ತಿರ ನಿಂತಳು.

"ಒಳಗೆ ಬಾರಮ್ಮ, ನಿನ್ನ ಕೋಳಿ ಎತ್ಕೊಂಡೋಗು," ಎಂದರು ರೇಣುಕಯ್ಯನವರು.

"ಒಳೀಕಾ? ನಾನಾ?"

"ಇವತ್ತೊಂದಿನ ಕಣಮ್ಮ. ಯಾರೂ ಏನೂ ಅನ್ನಲ್ಲ. ಆಮೇಲೆ ಗಂಜಲ ಹಾಕಿ ತೊಳ್ಕೊಂಡ್ಬುಡ್ತೀವಿ."

ದಾಸಮ್ಮ ಹೊಸ್ತಿಲನ್ನು ನೋಡಿದಳು.

"ಮರಿ ಹೆಂಗೈತೆ ಸ್ವಾಮಿ?"

"ಚೆನ್ನಾಗೈತೆ, ಚೆನ್ನಾಗೈತೆ. ಬೇಗ ಬಾ, ಜನ ಬರೋ ಹೊತ್ತಾಯ್ತು."

"ಹಂಗಾದ್ರೆ ಇರ್ಲಿ ಬುಡಿ, ಅದಕ್ಕೆ ಜಾಗ ಒಗ್ಗೈತೆ," ಎಂದಳು ದಾಸಮ್ಮ. "ನಾನು ಬರಲ್ಲ."