ಡಾಕ್ಟರಮ್ಮನ ಭಟ್ಟಿ

"ನಿಜ ಹೇಳು ಯಾಮ್ನಾ, ಯಾರಾದ್ರೂ ಸತ್ತೋದ್ರಾ ನಿನ್ನ ಮಗಳ ಕೈಲಿ?"

ಊರ ಹೆಂಗಸರೆಲ್ಲ ಸೇರುವ ಸ್ನಾನದ ಮನೆಯಲ್ಲಿ ಯಾಮ್ನಾಳ ಬೆನ್ನು ಉಜ್ಜುತ್ತಿದ್ದ ಪಕ್ಕದ ಮನೆಯ ಹಜ್ಜಾ ತಾಮು ಇದನ್ನು ಪಿಸುದನಿಯಲ್ಲೇನೂ ಕೇಳಲಿಲ್ಲ. ಆವಿಯೊಳಗೆ ಕೂತಿದ್ದ ಸೆಫ್ರೂ ಪೇಟೆಯ ಅರ್ಧ ಕೇರಿ ಚೊಂಬು ಕೆಳಗಿಟ್ಟು ಕಿವಿಗೊಟ್ಟಿತು.

"ನಿನ್ನ ಬಾಯಿಗೆ ಮಣ್ಣು ಹಾಕ!" ಯಾಮ್ನಾ ಸರ್ರನೆ ತಿರುಗಿದಳು.

"ಮತ್ತೆ? ಕಾಸಾಬ್ಲಾಂಕಾದಲ್ಲಿ ಆಪರೇಷನ್ ಮಾಡ್ತಿದ್ದ ಡಾಕ್ಟರು ಬಂದು, ಸತ್ತ ಸೋದರಮಾವನ ಹಳೇ ಭಟ್ಟೀಲಿ ಊರೋರ ರೊಟ್ಟಿ ಸುಡ್ತೀನಿ ಅಂತ ಕೂತ್ರೆ ಜನ ಏನನ್ಕೋಬೇಕು? ಓಡಿಸಿರ್ಬೇಕು, ಇಲ್ಲಾ ಓಡಿ ಬಂದಿರ್ಬೇಕು."

ಯಾಮ್ನಾಳಿಗೆ ಮೈಯೆಲ್ಲ ಉರಿದುಹೋಯಿತು. ತಾಮುವಿನ ಮೇಲಿನ ಸಿಟ್ಟಿಗಲ್ಲ. ಅದೇ ಅನುಮಾನ ತನ್ನ ತಲೆಯನ್ನೂ ಕೊರೆಯುತ್ತಿತ್ತಲ್ಲ, ಅದಕ್ಕೆ. ಮಗಳು ಸಿಹಾಮ್ ಬಂದಾಗಿನಿಂದ ಯಾಮ್ನಾ ಅವಳ ಚೀಲ ಜಾಲಾಡಿದ್ದಳು, ಮಾತ್ರೆ ಹುಡುಕಿದ್ದಳು, ಮಲಗಿದಾಗ ಉಸಿರು ಕೂಡ ಮೂಸಿ ನೋಡಿದ್ದಳು. ಕೊನೆಗೆ ಕದ್ದು ಆಸ್ಪತ್ರೆಗೇ ಫೋನು ಮಾಡಿದರೆ ಅಲ್ಲಿನ ದೊಡ್ಡ ಡಾಕ್ಟರು, "ಅಂಥ ಕೈ ಎಲ್ಲಿ ಸಿಗುತ್ತೆ ತಾಯೀ, ನಾಳೇನೇ ಕಳಿಸಿಕೊಡಿ" ಎಂದು ಅಂಗಲಾಚಿದ್ದರು. ತಪ್ಪೂ ಇಲ್ಲ, ಕಾಯಿಲೆಯೂ ಇಲ್ಲ! ಹಾಗಾದರೆ ಮತ್ತೇನು?

ಮಗಳನ್ನು ಕೇಳಿದರೆ, "ಅಲ್ಲಿ ಮುಖ ನೋಡೋಕೂ ಪುರುಸೊತ್ತಿರ್ಲಿಲ್ಲಮ್ಮಾ. ಕುಯ್ಯಿ, ಹೊಲಿ, ಮುಂದಿನೋರು. ಒಂದಿನ ಕೈ ತೊಳೀತಾ ನಿಂತಿದೀನಿ, ಒಳಗೆ ಮಲಗಿಸಿರೋದು ಗಂಡಸೋ ಹೆಂಗಸೋ ಅನ್ನೋದೇ ನೆನಪಾಗ್ಲಿಲ್ಲ. ಇಲ್ಲಿ ನಿದ್ದೆ ಬರುತ್ತೆ. ಯಾರ ಮನೆ ರೊಟ್ಟಿ ಯಾವುದು ಅಂತ ಗೊತ್ತಿರುತ್ತೆ" ಎನ್ನುತ್ತಿದ್ದಳು. ಆದರೆ ರೊಟ್ಟಿ ಬಂದರೆ ತಾನೆ? ಭಟ್ಟಿ ಹಚ್ಚಿ ತಿಂಗಳಾಗುತ್ತ ಬಂದಿತ್ತು. ಹೆಣ ಮುಟ್ಟಿದ ಕೈ ನಮ್ಮ ಹಿಟ್ಟು ಮುಟ್ಟುವುದು ಬೇಡವೆಂದು ಕೇರಿಯವರೆಲ್ಲ ಮನೆಯಲ್ಲಿ ತಟ್ಟಿದ ರೊಟ್ಟಿಗಳನ್ನು ಹಲಗೆಯ ಮೇಲೆ ಹೊತ್ತು ದೂರದ ಇನ್ನೊಂದು ಭಟ್ಟಿಗೆ ಹೋಗುತ್ತಿದ್ದರು.

ಸುಮ್ಮನೆ ದಣಿದು ಬಂದಳು ಎಂದರೆ ಈ ಜನ ನಂಬುತ್ತಾರೆಯೇ? ಹೆತ್ತವಳೇ ನಂಬಿಲ್ಲ. ಭಟ್ಟಿ ಏನಾದರೂ ಆಗಲಿ, ಮೊದಲು ಈ ಬಾಯಿಗಳನ್ನು ಮುಚ್ಚಿಸಬೇಕಿತ್ತು. ಯಾಮ್ನಾ ತಲೆಗೆ ಬಿಸಿನೀರು ಸುರಿದುಕೊಂಡು ಎದ್ದು ನಿಂತಳು.

"ಕೇಳ್ರೇ! ನನ್ನ ಮಗಳಿಗೆ ದೃಷ್ಟಿ ತಾಗಿದೆ. ಈ ಕೇರಿದೇ ಕಣ್ಣು. ತಾಯಿತ ಕಟ್ಟೋ ಫಕೀಹರ ಹತ್ರ ಕೇಳಿಸ್ದೆ. ಯಾರು ಕಣ್ಣು ಹಾಕಿದಾರೋ ಅವರ ಮನೆ ಹಿಟ್ಟು ಮಾತ್ರ ಅವಳ ಭಟ್ಟಿಗೆ ಬರೋದಿಲ್ವಂತೆ. ಅದೇ ಗುರುತಂತೆ."

ಕೆಳಗಿಟ್ಟಿದ್ದ ಚೊಂಬುಗಳೆಲ್ಲ ಮತ್ತೆ ಕೈಗೆ ಬಂದವು.

ಮರುದಿನ ಬೆಳಿಗ್ಗೆ ನೋಡಬೇಕು! ಭಟ್ಟಿಯ ಮುಂದೆ ಹಿಟ್ಟಿನ ಹಲಗೆಗಳ ಸಾಲೋ ಸಾಲು. ಎಲ್ಲರಿಗಿಂತ ಮುಂದೆ ಹಜ್ಜಾ ತಾಮು, ಸಾಲದ್ದಕ್ಕೆ ಸೊಸೆಯ ಹಲಗೆಯನ್ನೂ ಹೊರಿಸಿಕೊಂಡು ಬಂದಿದ್ದಳು. ಒಬ್ಬೊಬ್ಬಳೂ ಯಾರು ಬಂದಿಲ್ಲವೆಂದು ಕಳ್ಳನೋಟದಲ್ಲಿ ಹುಡುಕುತ್ತಿದ್ದಳು. ಸಿಹಾಮ್ ಬೆವರೊರೆಸಿಕೊಳ್ಳುತ್ತ, ಪ್ರತಿಯೊಬ್ಬಳ ಮುಖ ನೋಡಿ ಹೆಸರು ಕೇಳಿ ಹಲಗೆ ಇಳಿಸಿಕೊಳ್ಳುತ್ತಿದ್ದಳು.

"ನೋಡಿದ್ಯಾ ಅಮ್ಮಾ, ಕೊನೆಗೂ ನಂಬಿದ್ರು ನನ್ನ!"

ಪಾಪ, ಅವಳಿಗೆ ಏನೂ ಗೊತ್ತಿರಲಿಲ್ಲ. ಯಾಮ್ನಾ ಬೀಗುವಷ್ಟರಲ್ಲಿ ತಾಮು ಸಾಲನ್ನೊಮ್ಮೆ ಕಣ್ಣಲ್ಲೇ ಅಳೆದಳು.

"ಎಲ್ಲರದ್ದೂ ಬಂತಪ್ಪ. ಅಲ್ಲಾ ಯಾಮ್ನಾ, ನಿನ್ನ ಹಲಗೆ ಎಲ್ಲೇ?"

ಕೇರಿಗೆ ಕೇರಿಯೇ ಅವಳತ್ತ ತಿರುಗಿತು. ಭಟ್ಟಿ ಮುಚ್ಚಿಹೋದರೆ ಮಗಳು ಆಸ್ಪತ್ರೆಗೆ ವಾಪಸು ಹೋದಾಳು ಎಂಬ ಆಸೆಗೆ ಯಾಮ್ನಾ ಇಷ್ಟು ದಿನವೂ ಮನೆಯ ಗ್ಯಾಸಿನಲ್ಲೇ ರೊಟ್ಟಿ ಸುಟ್ಟುಕೊಂಡಿದ್ದಳು. ಬಾಯಿಗೆ ಬಂದಂತೆ ಕಟ್ಟಿ ಹೇಳಿದ ಮಾತು ನಿಜವೇ ಆಗಿದ್ದರೆ? ಆ ಕಣ್ಣು ತನ್ನದೇ ಆಗಿದ್ದರೆ? ಅವಳಿಗೆ ಹೆದರಿಕೆಯಾಯಿತು.

ಸಿಹಾಮ್‌ಳ ಮುಖದ ನಗು ಮೆಲ್ಲಗೆ ಇಳಿಯಿತು. "ಪರವಾಗಿಲ್ಲ ಬಿಡಮ್ಮಾ," ಎಂದು ಅವಳು ಇನ್ನೊಂದು ಹಲಗೆಗೆ ಕೈ ನೀಡಿದಳು.

ಮಗಳು ಬೈದಿದ್ದರೂ ಯಾಮ್ನಾ ತಡೆದುಕೊಳ್ಳುತ್ತಿದ್ದಳು. ಮನೆಗೆ ಓಡಿ, ಗಡಿಬಿಡಿಯಲ್ಲಿ ಹಿಟ್ಟು ನಾದಿ, ರೊಟ್ಟಿ ತಟ್ಟಿ, ಹಲಗೆಯನ್ನು ತಲೆಯ ಮೇಲೆ ಹೊತ್ತು ಕೇರಿಯ ನಡುವೆಯೇ ನಡೆದು ಬಂದಳು. ಅಷ್ಟರಲ್ಲಿ ಸಾಲು ಕರಗಿತ್ತು. ಸಿಹಾಮ್ ಹಿಟ್ಟನ್ನು ಬೆರಳಿನಿಂದ ಒತ್ತಿ ನೋಡಿದಳು.

"ಇನ್ನೂ ಹುದುಗು ಬಂದು ಉಬ್ಬಿಲ್ಲಮ್ಮಾ ಇದು."

"ಕಾಯ್ತೀನಿ," ಎಂದಳು ಯಾಮ್ನಾ. ಹೆಗಲ ಶಾಲು ತೆಗೆದು ಹಲಗೆಯ ಮೇಲೆ ಹೊದಿಸಿ, ಭಟ್ಟಿಯ ಬಾಗಿಲಲ್ಲೇ ಕುಳಿತಳು.