ಅಪ್ಪನ ಹೆಸರಿನವನನ್ನು ಬೈಯುವಂತಿಲ್ಲ

ಬಸ್ಸು ಹಿಮದ ಅಂಚಿಗೆ ಬಂದು ನಿಂತಾಗ ಬಿಬಿಯಾನಾಳ ಕಣ್ಣಿಗೆ ಮೊದಲು ಬಿದ್ದದ್ದು ಬಿದಿರುಕೋಲುಗಳು. ನಿನ್ನೆ ಸಂಜೆ ಅವಳು ನೆಟ್ಟುಹೋದ ಜಾಗದಲ್ಲಿ ಒಂದೂ ಇರಲಿಲ್ಲ. ತುದಿಗೆ ಕೆಂಪು ಬಟ್ಟೆ ಕಟ್ಟಿದ ಹದಿನಾಲ್ಕು ಕೋಲುಗಳನ್ನೂ ಯಾರೋ ಕಿತ್ತು, ಎಡಗಡೆಗೆ, ನೀಲಿ ಕೊಳದತ್ತ ಸಾಲಾಗಿ ನೆಟ್ಟಿದ್ದರು.

ಯಾರೋ ಅನ್ನುವುದೇನು ಬಂತು. ಯಾರೆಂದು ಅವಳಿಗೆ ಗೊತ್ತಿತ್ತು.

ಹತ್ತೊಂಬತ್ತು ವರ್ಷದಿಂದ ಅವಳದು ಇದೇ ಕೆಲಸ. ಹಡಗಿನಿಂದ ಇಳಿದವರನ್ನು ಒಂದು ಹಗಲಿನ ಮಟ್ಟಿಗೆ ಹಿಮದ ಮೇಲೆ ನಡೆಸಿಕೊಂಡು ಬರುವುದು. ಜೂನ್ ಬಂತೆಂದರೆ ದಾರಿ ದಿನಕ್ಕೊಂದು ಥರ. ಅದಕ್ಕೇ ಹಿಂದಿನ ದಿನ ಹೋಗಿ, ಕಬ್ಬಿಣದ ಸಲಾಕೆಯಿಂದ ಕುಟ್ಟಿ, ಸದ್ದು ಕೇಳಿ, ಕೋಲು ನೆಡಬೇಕು. ನಿನ್ನೆ ಕೊಳದ ಹತ್ತಿರ ಕುಟ್ಟಿದಾಗ ಖಾಲಿ ಡಬ್ಬಕ್ಕೆ ಬಡಿದಂತೆ ಸದ್ದು ಬಂದಿತ್ತು. ಮೇಲೆ ಹಿಮ, ಒಳಗೆ ಹರಿಯುವ ನೀರು. ಅವಳು ಸಾಲನ್ನೇ ಬಲಕ್ಕೆ ಸರಿಸಿಬಿಟ್ಟಿದ್ದಳು.

"ಬೆಳಿಗ್ಗೆ ಐದಕ್ಕೇ ನಿಮ್ಮಪ್ಪ ಜೀಪ್ ತಗೊಂಡು ಈ ಕಡೆ ಹೊರಟಿದ್ದ ಕಣಮ್ಮ," ಎಂದ ಬಸ್ಸಿನ ಡ್ರೈವರ್ ಗೆರ್ತ್. "ನಾನು ಕಣ್ಣುಜ್ಜಿಕೊಳ್ತಾ ಕಿಟಕೀಲಿ ನೋಡ್ದೆ. ಅಷ್ಟು ಹೊತ್ತಿಗೇ ಎದ್ದಿದಾನಲ್ಲ, ಏನೋ ಕೆಡಿಸೋಕೇ ಇರ್ಬೇಕು ಅಂದ್ಕೊಂಡೆ."

'ನಿಮ್ಮಪ್ಪ' ಅಂದವನ ವಯಸ್ಸು ಇಪ್ಪತ್ತೊಂಬತ್ತು. ಬಿಬಿಯಾನಾಳಿಗೆ ಐವತ್ತೆರಡು. ಅವಳ ತಂದೆ ಜುವಾಕ ತೀರಿಕೊಂಡ ಚಳಿಗಾಲದಲ್ಲೇ ಪಕ್ಕದ ಮನೆಯಲ್ಲಿ ಗಂಡುಮಗು ಹುಟ್ಟಿತು. ಹೆಸರು ಅದಕ್ಕೆ ಹೋಯಿತು. ಆ ಹಿಮದ ಊರುಗಳಲ್ಲಿ ಹೆಸರೊಂದೇ ಹೋಗುವುದಿಲ್ಲ, ಮನುಷ್ಯನೇ ಅದರ ಜೊತೆ ಹೋಗುತ್ತಾನೆ. ಅವತ್ತಿನಿಂದ ಅವಳಿಗೆ ಆ ಕೂಸು ಅಪ್ಪ. ಕೂಸಿಗೆ ಮಾತು ಬಂದಮೇಲೆ ಅದಕ್ಕೆ ಇವಳು ಮಗಳು. ಮೊದಲ ಕೈಗವಸು ಹೊಲಿದು ಕೊಟ್ಟವಳು ಬಿಬಿಯಾನಾ, ಮೊದಲ ಚಾಕು ಕೊಟ್ಟವಳೂ ಅವಳೇ. ಅವಳ ತಾಯಿ ಮಗ್ದಲೀನಾ, "ನನ್ನ ಗಂಡ ಬಂದ," ಎಂದು ಜಿಂಕೆಯ ನಾಲಿಗೆ ಬೇಯಿಸಿ ಎತ್ತಿಡುತ್ತಿದ್ದಳು. ಎಂಟು ವರ್ಷದವನಾಗಿದ್ದಾಗ ಅವನು ಜಾರುಬಂಡಿಯ ಹಗ್ಗ ಕತ್ತರಿಸಿ ಹನ್ನೊಂದು ನಾಯಿಗಳನ್ನು ಓಡಿಸಿದ. ಮುದುಕಿ ನಕ್ಕುಬಿಟ್ಟಳು. "ಅವರಿಗೆ ಆ ನಾಯಿಗಳನ್ನ ಕಂಡ್ರೆ ಮೊದಲಿಂದ್ಲೂ ಆಗ್ತಿರ್ಲಿಲ್ಲ." ಸತ್ತವನ ಹೆಸರಿನ ಮಗುವನ್ನು ಬೈಯುವಂತಿಲ್ಲ. ಬೈದರೆ ಹೆಸರು ನೊಂದುಕೊಳ್ಳುತ್ತದೆ. ಬೈಗುಳವನ್ನೇ ಕೇಳದೆ ಬೆಳೆದವನು ಈಗ ಪ್ರವಾಸ ಕಂಪನಿಯಲ್ಲಿ ಅವಳ ಮೇಲಧಿಕಾರಿ.

ಜುವಾಕ ಜೀಪಿಗೆ ಒರಗಿ ನಿಂತು, ಬೂಟಿಗೆ ಕಟ್ಟುವ ಕಬ್ಬಿಣದ ಮುಳ್ಳುಗಳನ್ನು ಪ್ರವಾಸಿಗಳಿಗೆ ಹಂಚುತ್ತಿದ್ದ. ಬಿಬಿಯಾನಾ ಅವನನ್ನು ಪಕ್ಕಕ್ಕೆ ಕರೆದಳು.

"ಅಪ್ಪಾ, ಕೋಲು ಯಾಕೆ ಕಿತ್ತೆ?"

"ಬಂದ ತಕ್ಷಣ ಶುರು ಮಾಡಿದ್ಯಾ ಮಗಳೇ? ಕಾಫಿ ಕುಡಿ ಮೊದ್ಲು."

"ಕಾಫಿ ಹಾಳಾಗ್ಲಿ. ಕೊಳದ ಹತ್ರ ಅಡೀಲಿ ನೀರು ಹರೀತಿದೆ."

"ಬೆಳಿಗ್ಗೆ ನಾನೇ ದಾಟಿದೀನಿ. ಕಲ್ಲಿನ ಹಂಗಿತ್ತು. ನಿನ್ನ ಮುಂದೆ ನೆಟ್ಟಗೆ ನಿಂತಿಲ್ವಾ?"

"ಐದು ಗಂಟೇಲಿ ಎಲ್ಲಾ ಕಲ್ಲೇ. ಈಗ ಹನ್ನೊಂದಾಗಿದೆ, ಬಿಸಿಲು ನೋಡು. ನೀನೊಬ್ಬ ದಾಟೋದಕ್ಕೂ ಇಪ್ಪತ್ತೆರಡು ಜನ ದಾಟೋದಕ್ಕೂ ವ್ಯತ್ಯಾಸ ಇಲ್ವಾ?"

"ಅವ್ರು ಬಂದಿರೋದು ಬೂದಿ ಬಣ್ಣದ ಗುಡ್ಡೆ ನೋಡೋಕಲ್ಲ. ನಮ್ಮ ಜಾಹೀರಾತಲ್ಲಿ ಕೊಳದ ಫೋಟೋ ಇದೆ." ಅವನು ಅವಳ ಭುಜ ತಟ್ಟಿದ. "ಅಪ್ಪ ಹೇಳಿದ್ ಮಾತು ಕೇಳ್ಬೇಕು ಮಗಳೇ."

ಅವಳ ಕಿವಿ ಬಿಸಿಯಾಯಿತು. ಆ ಹೆಸರಿನ ಮನುಷ್ಯ ಹೇಗಿದ್ದ ಎಂದು ಇವನಿಗೇನು ಗೊತ್ತು? ಮೂರು ದಿನ ನಡೆದುಹೋಗಿ, ಜಿಂಕೆಯ ಹಿಂಡು ಕಣ್ಣೆದುರಿಗಿದ್ದರೂ, ಹೊಳೆಯ ಮೇಲಿನ ಮಂಜುಗಡ್ಡೆ ಯಾಕೋ ಸರಿಯಿಲ್ಲ ಎಂದು ಬರಿಗೈಯಲ್ಲಿ ಹಿಂತಿರುಗಿದವನು. ಊರವರ ನಗುವನ್ನು ಚಹಾದ ಜೊತೆ ಕುಡಿದವನು. ಆ ಹೆಸರನ್ನು ಇವನು ಕೋಲು ಮಾಡಿಕೊಂಡು ಅವಳನ್ನೇ ಅಟ್ಟುತ್ತಿದ್ದಾನೆ. ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡು ಅವಳು ಸಲಾಕೆ ಎತ್ತಿಕೊಂಡಳು.

ಸಾಲು ಹೊರಟಿತು. ಮುಂದೆ ಜುವಾಕ, ನಡುವೆ ಪ್ರವಾಸಿಗಳು, ಕೊನೆಯಲ್ಲಿ ಬಿಬಿಯಾನಾ, ಅವಳ ಹಿಂದೆ ಕಾಫಿಯ ಫ್ಲಾಸ್ಕು ಹೊತ್ತ ಗೆರ್ತ್. ಹಳದಿ ಜಾಕೀಟಿನ ಮುದುಕನೊಬ್ಬ ಹೆಂಡತಿಯ ಕೈಹಿಡಿದು ಬಾತುಕೋಳಿಯಂತೆ ಕಾಲಗಲಿಸಿ ನಡೆಯುತ್ತಿದ್ದ. ಹಿಮದ ಮೈಯಲ್ಲೆಲ್ಲ ಸಣ್ಣಸಣ್ಣ ನೀರಿನ ಎಳೆಗಳು ಓಡುತ್ತಿದ್ದವು. ಓಡುತ್ತ ಓಡುತ್ತ ಎಲ್ಲವೂ ಎಡಕ್ಕೇ, ಕೊಳದ ಕಡೆಗೇ ತಿರುಗುತ್ತಿದ್ದವು.

"ನೋಡಿದ್ಯಾ ಗೆರ್ತಣ್ಣ?"

"ನೋಡ್ದೆ. ಅವನಿಗೆ ನೀನೇ ಹೇಳು."

"ನಾನು ಹೆಂಗೆ ಹೇಳ್ಲಿ?"

"ನಾನಂತೂ ಡ್ರೈವರ್ರು," ಎಂದ ಗೆರ್ತ್.

ಕೊಳ ಕಂಡಿತು. ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಇತ್ತು, ನೀಲಿಯ ಒಳಗೆ ಇನ್ನೊಂದು ನೀಲಿ. ಕೊಳಕ್ಕೂ ಇವರಿಗೂ ನಡುವೆ ಇಪ್ಪತ್ತು ಹೆಜ್ಜೆ ಅಗಲದ ಬಿಳಿ ಪಟ್ಟಿ, ಹಾಸಿಗೆಯಂತೆ ನುಣ್ಣಗೆ. ಅದರ ನಡುಭಾಗ ಬೆಳಿಗ್ಗೆಯಿಂದ ಕುಳಿತುಕುಳಿತು ತೊಟ್ಟಿಲಿನಂತೆ ತಗ್ಗಾಗಿತ್ತು. ಜುವಾಕ ಅದರ ಅಂಚಿನಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ, "ಹೋಗೋಣ್ವಾ?" ಎಂದು ಅವಳತ್ತ ನೋಡಿದ.

ಬಿಬಿಯಾನಾ ಮೂಗು ಸುಕ್ಕಿಸಿದಳು.

ಅವಳ ಜನರಲ್ಲಿ ಬೇಡ ಅನ್ನುವುದಕ್ಕೆ ಅದಕ್ಕಿಂತ ಸ್ಪಷ್ಟವಾದದ್ದು ಇನ್ನೊಂದಿಲ್ಲ. ಹೌದಾದರೆ ಹುಬ್ಬು ಏರುತ್ತದೆ, ಇಲ್ಲವಾದರೆ ಮೂಗು ಸುಕ್ಕಾಗುತ್ತದೆ. ತೊಟ್ಟಿಲಿನ ಮಗುವಿಗೂ ಅದು ಗೊತ್ತು. ಪ್ರವಾಸಿಗಳಿಗೆ ಗೊತ್ತಿಲ್ಲ. ಹಳದಿ ಜಾಕೀಟಿನ ಮುದುಕ ಅವಳು ತಮಾಷೆ ಮಾಡುತ್ತಿದ್ದಾಳೆಂದುಕೊಂಡು ತಾನೂ ಮೂಗು ಸುಕ್ಕಿಸಿ ನಕ್ಕ. ಜುವಾಕನಿಗೆ ಗೊತ್ತಿತ್ತು. ಅವಳ ಮೂಗನ್ನು ಅವನು ಕಣ್ಣಾರೆ ನೋಡಿದ. ನೋಡಿ, ಜನರ ಕಡೆ ತಿರುಗಿ ಅವರ ಭಾಷೆಯಲ್ಲಿ ಹೇಳಿದ.

"ನಮ್ಮ ಹಿರಿಯ ಗೈಡೂ ಒಪ್ಪಿದ್ರು. ಒಬ್ಬೊಬ್ರಾಗಿ ಬನ್ನಿ."

ಅಷ್ಟೇ. ಅವಳು ಸಾಲನ್ನು ದಾಟಿಕೊಂಡು ಮುಂದೆ ಹೋದದ್ದು ಹೇಗೆಂದು ಅವಳಿಗೇ ತಿಳಿಯಲಿಲ್ಲ. ಬಿಳಿ ಪಟ್ಟಿಯ ಅಂಚಿನಲ್ಲಿ ಸಲಾಕೆಯನ್ನು ಅಡ್ಡ ಹಿಡಿದು ನಿಂತಳು.

"ಜುವಾಕ."

ಹಿಂದೆ ಗೆರ್ತ್ ಫ್ಲಾಸ್ಕನ್ನು ಹಿಮದ ಮೇಲೆ ಇಳಿಸಿದ. ಇಪ್ಪತ್ತೊಂಬತ್ತು ವರ್ಷದಲ್ಲಿ ಅವಳು ಆ ಹೆಸರಿನಿಂದ ಅವನನ್ನು ಕರೆದದ್ದಿಲ್ಲ.

"ನಾಚಿಕೆ ಆಗಲ್ವೇನೋ ನಿಂಗೆ? ನನ್ನ ಮುಖದಲ್ಲಿ ಬೇಡ ಅಂತ ಕಂಡೂ ನನ್ನ ಹೆಸರಲ್ಲೇ ಸುಳ್ಳು ಹೇಳ್ತೀಯಾ? ಇವ್ರಲ್ಲಿ ಒಬ್ರು ಒಳಗೆ ಹೋದ್ರೆ ಎಳ್ಕೊಳ್ಳೋಕೆ ಹಗ್ಗ ತಂದಿದ್ಯಾ? ಕೊಳದ ಫೋಟೋ ತಂದಿದೀಯ. ಹಗ್ಗ ತರ್ಲಿಲ್ಲ."

"ಎಲ್ರ ಮುಂದೆ..." ಅವನ ದನಿ ಸಣ್ಣಗಾಗಿತ್ತು. "ನನ್ನ ಹೆಸ್ರಿಡಿದು ಕರೆದೆ."

"ಹೂಂ, ಕರೆದೆ."

"ಮುದುಕಿಗೆ ಗೊತ್ತಾದ್ರೆ?"

"ನಾನೇ ಹೇಳ್ತೀನಿ ಅಮ್ಮಂಗೆ. ಅಳ್ತಾಳೆ. ಅಳ್ಲಿ. ನಾಯಿ ಓಡ್ಸಿದ ದಿನಾನೇ ನಿನ್ನ ಕಿವಿ ಹಿಂಡಿದ್ರೆ ಇವತ್ತು ಇಷ್ಟು ದೂರ ಬರ್ತಿರ್ಲಿಲ್ಲ. ಅದು ನಮ್ಮ ತಪ್ಪು. ಅದನ್ನೂ ಹೇಳ್ತೀನಿ."

ಪ್ರವಾಸಿಗಳಿಗೆ ಆ ಭಾಷೆಯ ಮಾತು ಅರ್ಥವಾಗದಿದ್ದರೂ ದನಿ ಅರ್ಥವಾಗಿತ್ತು. ಯಾರೂ ಹೆಜ್ಜೆ ಎತ್ತಲಿಲ್ಲ. ಅವಳು ಅವರ ಭಾಷೆಗೆ ಹೊರಳಿ, ಇಲ್ಲಿ ದಾಟುವುದಿಲ್ಲ, ವಾಪಸ್ಸು ಹೋಗಿ ಬಲಗಡೆಯಿಂದ ನಡೆಯುತ್ತೇವೆ ಎಂದಳು.

"ಫೋಟೋದಲ್ಲಿದ್ದ ಕೊಳ?" ಎಂದ ಹಳದಿ ಜಾಕೀಟಿನ ಮುದುಕ.

"ಫೋಟೋದಲ್ಲೇ ನೋಡಿ."

ಗೆರ್ತ್ ಜನರನ್ನು ಹಿಂದಕ್ಕೆ ಕರೆದುಕೊಂಡು ಹೋಗಿ ಕಾಫಿ ಬಗ್ಗಿಸತೊಡಗಿದ. ಬಿಳಿ ಪಟ್ಟಿ ಕುಸಿಯಲಿಲ್ಲ. ಕುಸಿದಿದ್ದರೆ ಅವಳ ಮಾತಿಗೆ ಸಾಕ್ಷಿಯಾದರೂ ಸಿಗುತ್ತಿತ್ತು. ಅದು ಬಿಸಿಲಿನಲ್ಲಿ ಹೊಳೆಯುತ್ತ, ಏನೂ ಅರಿಯದ ಹಸುಗೂಸಿನಂತೆ ಮಲಗಿತ್ತು.

"ನಾಳೆಯಿಂದ ನೀನು ಬರೋದು ಬೇಡ," ಎಂದ ಜುವಾಕ. ಅವನ ಕಣ್ಣಲ್ಲಿ ನೀರು ನಿಂತಿತ್ತು. ಸಿಟ್ಟಿಗೋ ಅವಮಾನಕ್ಕೋ, ಅದನ್ನು ವಿಚಾರಿಸಲು ಅವಳಿಗೆ ಮನಸ್ಸಿರಲಿಲ್ಲ.

"ನಾಳೆ ಮಾತು ನಾಳೆಗಿರ್ಲಿ. ಇವತ್ತು ಕೋಲು ಕೀಳು."

ಅವನು ನಿಂತೇ ಇದ್ದ. ಅವಳೂ ನಿಂತೇ ಇದ್ದಳು. ಕೊನೆಗೆ ಅವನು ಬಗ್ಗಿ ಮೊದಲ ಕೋಲನ್ನು ಕಿತ್ತ. ಎರಡನೆಯದು ಕಿತ್ತ. ಹದಿನಾಲ್ಕನ್ನೂ ತೋಳಿನಲ್ಲಿ ಅಪ್ಪಿಕೊಂಡು ಬಲಕ್ಕೆ ನಡೆದು ಒಂದನ್ನು ನೆಟ್ಟ. ಅವಳು ಅಲ್ಲಿಗೆ ಹೋಗಿ ಸಲಾಕೆಯಿಂದ ಕುಟ್ಟಿ, ತಲೆ ಬಗ್ಗಿಸಿ ಕೇಳಿದಳು.

"ಇನ್ನೂ ಬಲಕ್ಕೆ," ಎಂದಳು.